ಗೋಲು ಹೊಡೆಯದವನ ಲೆಕ್ಕ



ಈ ಸಂಚಿಕೆಯಲ್ಲಿ ಒಂದು ಪ್ರಶ್ನೆಯನ್ನು ತಮ್ಮೆದುರು ಇಡಬೇಕೆಂದಿದ್ದೇನೆ. ಒಬ್ಬನನ್ನು ನಾವು ಯಾವ ಕೆಲಸಕ್ಕೆಂದು ಇಟ್ಟುಕೊಂಡಿರುತ್ತೇವೆಯೋ ಆ ಕೆಲಸದ ಫಲ ಅವನ ಕೈಯಿಂದ ಬರಲಿಲ್ಲ. ಆದರೆ ಅವನು ಇದ್ದುದರಿಂದ ಉಳಿದವರ ಕೈಯಿಂದ ಫಲ ಬಂದಿತು. ಅಂಥವನನ್ನು ಹೊಗಳುವುದು ನ್ಯಾಯವೋ, ಅಥವಾ ಬರಿಯ ಕನಿಕರವೋ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಮಠಕ್ಕೆ ಬರುವ ಮನೆತನದ ತಂಟೆ-ತಕರಾರುಗಳಲ್ಲಿ ಎಷ್ಟೋ ಇದೇ ಪ್ರಶ್ನೆಯ ಸುತ್ತ ತಿರುಗುತ್ತವೆ ಎಂಬುದನ್ನು ಕಾರ್ಯದರ್ಶಿಯಾಗಿ ಕಂಡಿದ್ದೇನೆ.

ಉದಾಹರಣೆಯನ್ನು ಮಾತ್ರ ದೂರದಿಂದ ತಂದಿದ್ದೇನೆ. ಹತ್ತಿರದ್ದನ್ನು ಕೊಟ್ಟರೆ ‘ಇದು ಇಂಥವರ ಮನೆಯ ಸುದ್ದಿಯೇ’ ಎಂದು ಓದುಗರು ಊಹಿಸತೊಡಗುತ್ತಾರೆ, ಪ್ರಶ್ನೆ ಅಲ್ಲಿಗೇ ಕೆಟ್ಟು ಹೋಗುತ್ತದೆ. ಆದ್ದರಿಂದ ಫ್ರಾನ್ಸ್ ದೇಶದ ಫುಟ್‌ಬಾಲ್ ಆಟಗಾರನೊಬ್ಬನನ್ನು ಆರಿಸಿಕೊಂಡಿದ್ದೇನೆ. ಹೆಸರು ಒಲಿವಿಯೆ ಜಿರೂ. ಗೋವೆಯ, ಕಾಸರಗೋಡಿನ ಭಕ್ತರ ಮನೆಗಳಲ್ಲಿ ಹುಡುಗರಿಗೆ ಈ ಹೆಸರು ಗೊತ್ತಿದ್ದೀತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮಗೆ ಕುಸ್ತಿ, ಕಬಡ್ಡಿ, ಕ್ರಿಕೆಟ್ ತಿಳಿಯುವಷ್ಟು ಫುಟ್‌ಬಾಲ್ ತಿಳಿಯದು. ಹೀಗಾಗಿ ಎರಡು ಮಾತು ವಿವರಿಸಿ ಮುಂದೆ ಹೋಗುತ್ತೇನೆ. ತಿಳಿದವರು ಬೇಸರಿಸಬಾರದು.

ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಜನ. ಅವರಲ್ಲಿ ಎಲ್ಲರಿಗಿಂತ ಮುಂದೆ, ಎದುರಾಳಿಯ ಗೋಲಿನ ಹತ್ತಿರ ನಿಲ್ಲುವವನಿಗೆ ಸ್ಟ್ರೈಕರ್ ಎನ್ನುತ್ತಾರೆ. ಚೆಂಡನ್ನು ಗೋಲಿನೊಳಗೆ ಹಾಕುವುದು ಅವನ ಮುಖ್ಯ ಕೆಲಸ. ಗೋಲ್‌ಕೀಪರನ ಲೆಕ್ಕ ಎಷ್ಟು ಗೋಲು ತಡೆದ ಎಂಬುದಾದರೆ, ಸ್ಟ್ರೈಕರನ ಲೆಕ್ಕ ಎಷ್ಟು ಗೋಲು ಹೊಡೆದ ಎಂಬುದು. ಅಡತಿ ಅಂಗಡಿಯಲ್ಲಿ ವರ್ಷದ ಕೊನೆಗೆ ವಹಿವಾಟು ಎಷ್ಟಾಯಿತು ಎಂದು ಕೇಳುವಷ್ಟೇ ನೇರವಾದ ಲೆಕ್ಕ. ಆದರೆ ಸ್ಟ್ರೈಕರರಲ್ಲಿ ಒಂದು ಜಾತಿ ಬೇರೆ. ಅವರು ಗೋಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಹಿಂದಿನಿಂದ ಎತ್ತರವಾಗಿ ಬಂದ ಚೆಂಡನ್ನು ಎದೆಯಿಂದಲೋ ತಲೆಯಿಂದಲೋ ತಡೆದು, ಬೆನ್ನ ಮೇಲೆ ಬೀಳುವ ಎದುರಾಳಿ ರಕ್ಷಕನ ಮೊಣಕೈ ಪೆಟ್ಟು ತಿನ್ನುತ್ತ, ಅಕ್ಕಪಕ್ಕದಲ್ಲಿ ಓಡಿ ಬರುವ ಚುರುಕಿನ ಹುಡುಗರಿಗೆ ಅದನ್ನು ಇಳಿಸಿಕೊಡುತ್ತಾರೆ. ಎದುರಾಳಿಯ ಇಬ್ಬರು ರಕ್ಷಕರು ಇವನೊಬ್ಬನನ್ನು ಹಿಡಿದುಕೊಂಡು ನಿಂತರೆ ಆ ಹುಡುಗರಿಗೆ ದಾರಿ ತೆರವಾಗುತ್ತದೆ. ಜನ ಚಪ್ಪಾಳೆ ತಟ್ಟುವುದು ಓಡಿದ ಹುಡುಗನಿಗೆ.

ಹಿಂದೆ ಕಣದಲ್ಲಿ ಹಂತಿ ಕಟ್ಟಿ ರಾಶಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೇಟಿಯ ಹತ್ತಿರದ ಎತ್ತು ಸಣ್ಣ ಸುತ್ತು ತಿರುಗುತ್ತದೆ, ಹೊರಗಿನದು ದೊಡ್ಡ ಸುತ್ತು ಓಡುತ್ತದೆ. ನೋಡುವವರ ಕಣ್ಣು ಹೊರಗಿನ ಎತ್ತಿನ ಮೇಲೆ. ಆದರೆ ಒಳಗಿನದು ನಡಿಗೆ ಕೆಡಿಸಿತೆಂದರೆ ಸಾಲೇ ಕೆಡುತ್ತದೆ. ಮಶೀನು ಬಂದ ಮೇಲೆ ಹುಟ್ಟಿದ ಹುಡುಗರು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಲಿ.

ಜಿರೂ ಹುಟ್ಟಿದ್ದು 1986ರಲ್ಲಿ, ಆಲ್ಪ್ಸ್ ಪರ್ವತದ ಸೀಮೆಯ ಶಾಂಬೆರಿ ಎಂಬ ಊರಿನಲ್ಲಿ. ಹದಿನೆಂಟಕ್ಕೇ ಹೆಸರು ಮಾಡುವ ಆಟಗಾರರ ಸಾಲಿಗೆ ಸೇರಿದವನಲ್ಲ. ಗ್ರೆನೋಬಲ್, ಇಸ್ಟ್ರೆ, ಟೂರ್ ಎಂಬ ಸಣ್ಣ ಸಂಸ್ಥೆಗಳಲ್ಲಿ ಕೆಳದರ್ಜೆಯ ಪಂದ್ಯಗಳನ್ನು ಆಡುತ್ತ ಮೇಲೆ ಬಂದ. 2009-10ರಲ್ಲಿ ಫ್ರಾನ್ಸಿನ ಎರಡನೆಯ ದರ್ಜೆಯಲ್ಲಿ 21 ಗೋಲು ಹೊಡೆದು ಮೊದಲಿಗನಾದ ಮೇಲೆಯೇ ಮೊದಲ ದರ್ಜೆಯ ಬಾಗಿಲು ತೆರೆಯಿತು. 2011-12ರಲ್ಲಿ ಮಾಂಪೆಲ್ಯೆ ಎಂಬ, ಯಾರೂ ಲೆಕ್ಕಕ್ಕೆ ಇಟ್ಟಿರದ ತಂಡ ಫ್ರಾನ್ಸಿನ ಪಟ್ಟ ಗೆದ್ದಾಗ ಅಲ್ಲಿಯೂ 21 ಗೋಲು ಇವನವು. ದೇಶದ ತಂಡಕ್ಕೆ ಮೊದಲು ಆಡಿದ್ದು 2011ರ ನವೆಂಬರಿನಲ್ಲಿ, ಇಪ್ಪತ್ತೈದು ತುಂಬಿದ ಮೇಲೆ. ಇಷ್ಟನ್ನು ಏಕೆ ಹೇಳಿದೆನೆಂದರೆ, ಮುಂದೆ ಬರುವ ಕಥೆಯನ್ನು ಕೇಳಿದವರು ಈತನಿಗೆ ಗೋಲು ಹೊಡೆಯಲು ಬರುತ್ತಿರಲಿಲ್ಲವೆಂದು ತಿಳಿಯಬಾರದು. ಬರುತ್ತಿತ್ತು. ಆ ವಿದ್ಯೆಯಿಂದಲೇ ಮೇಲೆ ಬಂದವನು.

ಈಗ 2018ರ ವಿಶ್ವಕಪ್. ರಷ್ಯಾದಲ್ಲಿ ನಡೆಯಿತು. ಮೊದಲ ಪಂದ್ಯ ಆಸ್ಟ್ರೇಲಿಯದ ಮೇಲೆ. ಫ್ರಾನ್ಸಿನ ತರಬೇತುದಾರ ದಿದಿಯೆ ದೆಶಾಂ ಜಿರೂವನ್ನು ಹೊರಗೆ ಕೂರಿಸಿ ಮೂವರು ಚುರುಕಿನ ಹುಡುಗರನ್ನು ಮುಂದೆ ಬಿಟ್ಟರು. ಆಟ ಕೂಡಿ ಬರಲಿಲ್ಲ. ಎಪ್ಪತ್ತನೆಯ ನಿಮಿಷಕ್ಕೆ ಜಿರೂ ಒಳಗೆ ಬಂದ. ಗೆಲುವಿನ ಗೋಲು ಬಂದಾಗ ಚೆಂಡು ಇವನ ಕಾಲಿನಿಂದ ಪೋಗ್ಬಾನಿಗೆ ಹೋಗಿತ್ತು. ಅಲ್ಲಿಂದ ಮುಂದೆ ಎಲ್ಲ ಪಂದ್ಯಗಳಲ್ಲೂ ಮೊದಲ ಹನ್ನೊಂದರಲ್ಲಿ ಜಿರೂ ಇದ್ದ. ಪೆರುವಿನ ಮೇಲೆ ಇವನು ಒದ್ದ ಚೆಂಡು ರಕ್ಷಕನಿಗೆ ತಾಗಿ ದಿಕ್ಕು ತಪ್ಪಿ ಗೋಲಿನ ಬಾಯಿಗೆ ಬಂದಾಗ ಎಂಬಾಪೆ ಅದನ್ನು ಒಳಗೆ ತಳ್ಳಿದ. ಅರ್ಜೆಂಟೀನಾದ ಮೇಲೆ 4-3ರಿಂದ ಗೆದ್ದ ಆ ಪ್ರಸಿದ್ಧ ಪಂದ್ಯದಲ್ಲಿ ಎಂಬಾಪೆಯ ಎರಡನೆಯ ಗೋಲಿಗೆ ಚೆಂಡು ಕೊಟ್ಟವನೂ ಇವನೇ. ಜುಲೈ 15ರಂದು ಮಾಸ್ಕೋದಲ್ಲಿ ಕ್ರೊಯೇಷಿಯಾವನ್ನು 4-2ರಿಂದ ಸೋಲಿಸಿ ಫ್ರಾನ್ಸ್ ಕಪ್ ಎತ್ತಿತು. ಎಂಬಾಪೆ ನಾಲ್ಕು ಗೋಲು, ಗ್ರೀಜ್‌ಮನ್ ನಾಲ್ಕು ಗೋಲು.

ಜಿರೂನ ಖಾತೆ? ಏಳೂ ಪಂದ್ಯ, ಒಟ್ಟು 546 ನಿಮಿಷ. ಗೋಲು ಸೊನ್ನೆ. ಅಷ್ಟೇ ಅಲ್ಲ, ಗೋಲಿನ ಗುರಿಗೆ ನೇರವಾಗಿ ಹೋದ ಹೊಡೆತ ಎಂದು ದಾಖಲಾದದ್ದೂ ಸೊನ್ನೆ. ವಿಶ್ವ ಗೆದ್ದ ತಂಡದ ಸ್ಟ್ರೈಕರನ ಹೆಸರಿನ ಮುಂದೆ ಈ ಸೊನ್ನೆ ನಗೆಪಾಟಲಿಗೆ ಕಾರಣವಾಯಿತು.

ನಾನು ಓದಿದ್ದು ಬಿ.ಕಾಂ. ಆದ್ದರಿಂದ ಈ ಸೊನ್ನೆಯನ್ನು ಕಂಡಾಗ ನನಗೆ ಮೊದಲು ಹೊಳೆದದ್ದು ಇದು ಆಟದ ತಪ್ಪಲ್ಲ, ಖತಾವಣಿಯ ಕಾಲಂಗಳ ತಪ್ಪು ಎಂದು. ಕೀರ್ದಿಯಲ್ಲಿ ಬರೆದ ಪ್ರತಿ ವ್ಯವಹಾರಕ್ಕೂ ಎರಡು ಬದಿ ಇರುತ್ತವೆ. ಒಬ್ಬನ ಜಮಾ ಇನ್ನೊಬ್ಬನ ಖರ್ಚು. ಎಂಬಾಪೆಯ ಖಾತೆಗೆ ಗೋಲು ಜಮಾ ಆಗಬೇಕಾದರೆ ಅದು ಯಾರದೋ ಖಾತೆಯಿಂದ ಹೋಗಿರಲೇಬೇಕು. ಆದರೆ ಆಟದ ಲೆಕ್ಕದವರು ಒಂದೇ ಬದಿ ಬರೆಯುತ್ತಾರೆ. ಇತ್ತೀಚೆಗೆ ಗೋಲಿಗೆ ಮುಂಚಿನ ಕೊನೆಯ ಕೊಡುಗೆಯನ್ನೂ ಎಣಿಸುತ್ತಾರೆ ನಿಜ, ಆದರೆ ಬೆನ್ನಿಗೆ ಇಬ್ಬರನ್ನು ಅಂಟಿಸಿಕೊಂಡು ನಿಂತವನ ಹೆಸರಿಗೆ ಅದರಲ್ಲೂ ಕಾಲಂ ಇಲ್ಲ. ಕಾಲಂ ಇಲ್ಲದ್ದು ಕಾಣುವುದಿಲ್ಲ, ಕಾಣದ್ದು ಇಲ್ಲವೆಂದೇ ಆಗುತ್ತದೆ.

ಇಲ್ಲಿ ವ್ಯಾಪಾರಿ ಭಕ್ತರೊಬ್ಬರು ಎತ್ತಬಹುದಾದ ಆಕ್ಷೇಪವನ್ನು ನಾನೇ ಎತ್ತುತ್ತೇನೆ, ಏಕೆಂದರೆ ಅದು ಬಲವಾದ ಆಕ್ಷೇಪ. ‘ಕಾರ್ಯದರ್ಶಿಗಳೇ, ಮಾಲು ಮಾರಲಿಕ್ಕೆಂದು ಇಟ್ಟ ಆಳು ಒಂದು ಚೀಲವನ್ನೂ ಮಾರದೆ, ನಾನು ಅಂಗಡಿಯಲ್ಲಿ ನಿಂತದ್ದರಿಂದಲೇ ಉಳಿದವರು ಮಾರಿದರು ಎಂದರೆ ನೀವು ಒಪ್ಪುತ್ತೀರಾ? ಹೀಗೆ ಹೇಳಲು ಬಿಟ್ಟರೆ ಸೋಮಾರಿಗಳೆಲ್ಲ ಇದೇ ಮಾತು ಕಲಿಯುತ್ತಾರೆ.’ ಒಪ್ಪತಕ್ಕ ಮಾತು. ಬೆವರು ಸುರಿಸಿದನೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಗಳಬಾರದು. ಕಣ ಬಿಟ್ಟು ಹೊಲದ ತುಂಬ ಓಡಿದ ಎತ್ತಿಗೂ ಬೆವರು ಬರುತ್ತದೆ. ಶ್ರಮವನ್ನು ಹೊಗಳುವ ನೆಪದಲ್ಲಿ ನಾವು ಎಷ್ಟೋ ಸಲ ನಿಷ್ಪ್ರಯೋಜಕತೆಯನ್ನು ಸಾಕಿದ್ದೇವೆ. ಸಂಘ-ಸಂಸ್ಥೆಗಳನ್ನು ನಡೆಸುವವರಿಗೆ ಇದು ಹೇಳದೆಯೂ ಗೊತ್ತು.

ಹಾಗಾದರೆ ಪರೀಕ್ಷೆ ಏನು? ಆ ಹೆಸರನ್ನು ಪಟ್ಟಿಯಿಂದ ತೆಗೆದು ನೋಡುವುದು. ಅವನಿಲ್ಲದೆ ಆಸ್ಟ್ರೇಲಿಯದ ಮೇಲೆ ತಂಡ ತಡವರಿಸಿತು, ಅವನು ಬಂದ ಮೇಲೆ ಗೆದ್ದಿತು. ಜಿರೂನ ಅಭಿಮಾನಿಗಳು ಈ ಪುರಾವೆಯನ್ನೇ ಎತ್ತಿ ತೋರಿಸುತ್ತಾರೆ. ಆದರೆ ಲೆಕ್ಕ ಪ್ರಾಮಾಣಿಕವಾಗಿರಬೇಕಾದರೆ ಇನ್ನೊಂದು ಪುಟವನ್ನೂ ತೆರೆಯಬೇಕು. 2022ರ ಡಿಸೆಂಬರ್ 18ರಂದು ಕತಾರಿನಲ್ಲಿ ವಿಶ್ವಕಪ್ಪಿನ ಕೊನೆಯ ಪಂದ್ಯ. ಫ್ರಾನ್ಸ್ ಎರಡು ಗೋಲು ಹಿಂದೆ ಬಿದ್ದಿತ್ತು. ಮೊದಲರ್ಧವೂ ಮುಗಿಯುವ ಮುನ್ನ, 41ನೆಯ ನಿಮಿಷಕ್ಕೆ ಇದೇ ದೆಶಾಂ ಇದೇ ಜಿರೂವನ್ನು ಹೊರಗೆ ಕರೆದರು. ಆ ಮೇಲೆ, ಆಟದ ಕೊನೆಗೆ ಎಂಬಾಪೆ ಸಿಡಿದೆದ್ದು ಮೂರು ಗೋಲು ಹೊಡೆದು ಸಮ ಮಾಡಿದ. ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತೆಂಬುದು ಬೇರೆ. ಆ ಸಂಜೆಯ ಮಟ್ಟಿಗೆ ಅವನಿಲ್ಲದ ತಂಡವೇ ಚೆನ್ನಾಗಿ ಆಡಿತು ಎನ್ನಬೇಕಾಗುತ್ತದೆ. ಹೀಗಿರಲಾಗಿ, ‘ಅವನಿಲ್ಲದಿದ್ದರೆ ಆಗುತ್ತಲೇ ಇರಲಿಲ್ಲ’ ಎಂಬ ಮಾತಿನ ಮೇಲೆ ಹೊಗಳಿಕೆಯ ಕಟ್ಟಡವನ್ನೆಲ್ಲ ನಿಲ್ಲಿಸಿದರೆ ಒಂದು ಪಂದ್ಯದಲ್ಲಿ ಅದು ನಿಲ್ಲುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ.

ಹೊಗಳಿಕೆ ಬೇರೆ ಯಾವುದರ ಮೇಲಾದರೂ ನಿಲ್ಲಬೇಕು. ಯಾವುದರ ಮೇಲೆ ಎಂಬುದನ್ನು ಹುಡುಕುವ ಮೊದಲು, ಈ ಮನುಷ್ಯನಿಗೆ ಸಂದದ್ದೇನು ಎಂದು ನೋಡೋಣ.

ಹಣ ಸಂದಿತು. ಅದರಲ್ಲಿ ಅನುಮಾನವಿಲ್ಲ. ಯುರೋಪಿನ ದೊಡ್ಡ ತಂಡಗಳ ಆಟಗಾರರ ಸಂಬಳ ನಮ್ಮ ಊಹೆಗೆ ಮೀರಿದ್ದು. ‘ಕೂಲಿ ಮುಟ್ಟಿದ ಮೇಲೆ ಇನ್ನೇನು ಬಾಕಿ?’ ಎಂದು ಕೆಲವರು ಕೇಳುತ್ತಾರೆ. ಮಾನ ಮಾತ್ರ ಅಷ್ಟು ಸಲೀಸಾಗಿ ಸಲ್ಲಲಿಲ್ಲ. 2015ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ತಂಡದಲ್ಲಿದ್ದಾಗ, ಅದೇ ತಂಡದ ಮಹಾ ಆಟಗಾರನಾಗಿದ್ದ ತಿಯರಿ ಆನ್ರಿ, ಜಿರೂವನ್ನು ನೆಚ್ಚಿಕೊಂಡು ಆರ್ಸೆನಲ್ ಪಟ್ಟ ಗೆಲ್ಲಲಾರದು ಎಂದು ಟಿ.ವಿ.ಯಲ್ಲಿ ಹೇಳಿದರು. 2016ರ ಮೇ 30ರಂದು ನಾಂತ್ ಊರಿನಲ್ಲಿ ಕ್ಯಾಮರೂನ್ ಮೇಲಿನ ಪಂದ್ಯದಲ್ಲಿ ಜಿರೂ ಗೋಲು ಹೊಡೆದಿದ್ದರೂ ತನ್ನದೇ ದೇಶದ ಪ್ರೇಕ್ಷಕರು ಸಿಳ್ಳೆ ಹಾಕಿ ಹೀಯಾಳಿಸಿದರು. ಕರೀಂ ಬೆಂಜೆಮಾ ತಂಡದಲ್ಲಿ ಇಲ್ಲದ ಸಿಟ್ಟನ್ನು ಇದ್ದವನ ಮೇಲೆ ತೀರಿಸಿಕೊಂಡರು. ಬೆಂಜೆಮಾ 2020ರಲ್ಲಿ ತನ್ನನ್ನು ಫಾರ್ಮುಲಾ ಒನ್ ಕಾರಿಗೂ ಜಿರೂವನ್ನು ಗೋ-ಕಾರ್ಟ್ ಎಂಬ ಚಿಕ್ಕ ಬಂಡಿಗೂ ಹೋಲಿಸಿ ಮಾತಾಡಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನಿಜ ಹೇಳಬೇಕೆಂದರೆ ಬೆಂಜೆಮಾ ಸುಳ್ಳಾಡಲಿಲ್ಲ. ಕೌಶಲದಲ್ಲಿ ಅವನದೇ ಮೇಲುಗೈ. 2022ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬಂಗಾರದ ಚೆಂಡು ಅವನಿಗೇ ಬಂತು. ಆದರೆ ನಿಜವಾದ ಮಾತೆಲ್ಲ ಆಡತಕ್ಕ ಮಾತಲ್ಲ.

ತರಬೇತುದಾರ ದೆಶಾಂ ಮಾತ್ರ ಕೈಬಿಡಲಿಲ್ಲ. ಅದಕ್ಕೊಂದು ಹಿನ್ನೆಲೆ ಇದೆ. 1990ರ ದಶಕದಲ್ಲಿ ದೆಶಾಂ ಸ್ವತಃ ಆಡುತ್ತಿದ್ದಾಗ ಎರಿಕ್ ಕ್ಯಾಂಟೊನಾ ಎಂಬ ಪ್ರಖ್ಯಾತ ಆಟಗಾರ ಆತನನ್ನು ‘ನೀರು ಹೊರುವವ’ ಎಂದು ಹಂಗಿಸಿದ್ದ. ಅಂದರೆ ದೊಡ್ಡವರು ಆಡಲೆಂದು ಚೆಂಡು ತಂದುಕೊಡುವ ಆಳು. ಆ ನೀರು ಹೊರುವವನೇ 1998ರಲ್ಲಿ ಫ್ರಾನ್ಸಿನ ನಾಯಕನಾಗಿ ಮೊದಲ ವಿಶ್ವಕಪ್ ಎತ್ತಿದ. ನೀರು ಹೊರುವುದು ಬೈಗುಳ ಹೇಗಾದೀತೆಂಬುದೇ ನನಗೆ ತಿಳಿಯದು. ನಮ್ಮಲ್ಲಿ ಅದಕ್ಕೆ ಕಾಯಕ ಎಂಬ ಬೇರೆಯೇ ಹೆಸರಿದೆ. ಇರಲಿ.

ಅದೇ 1998ರ ತಂಡದಲ್ಲಿ ಸ್ಟೆಫಾನ್ ಗಿವಾರ್ಶ್ ಎಂಬ ಸ್ಟ್ರೈಕರ್ ಇದ್ದ. ಆ ವರ್ಷ ಫ್ರಾನ್ಸಿನ ಲೀಗಿನಲ್ಲಿ ಅತಿ ಹೆಚ್ಚು ಗೋಲು ಅವನವೇ. ವಿಶ್ವಕಪ್ಪಿನಲ್ಲಿ ಮಾತ್ರ ಒಂದೂ ಬರಲಿಲ್ಲ. ಬ್ರೆಜಿಲ್ ಮೇಲಿನ ಕೊನೆಯ ಪಂದ್ಯದಲ್ಲೂ ಮೊದಲ ಹನ್ನೊಂದರಲ್ಲಿ ಆಡಿದ, ಜಿದಾನ್ ತಲೆಯಿಂದ ಎರಡು ಗೋಲು ಹೊಡೆದ, ಫ್ರಾನ್ಸ್ 3-0ರಿಂದ ಗೆದ್ದಿತು. ಮುಂದೆ ಇಂಗ್ಲೆಂಡಿಗೆ ಹೋಗಿ ನಾಲ್ಕು ಲೀಗ್ ಪಂದ್ಯ ಆಡಿ ಮರಳಿದ. ಅಲ್ಲಿನ ಪತ್ರಿಕೆಯೊಂದು ವರ್ಷಗಳ ನಂತರ ಅವನನ್ನು ಅತಿ ಕಳಪೆ ಸ್ಟ್ರೈಕರ್ ಎಂದು ಪಟ್ಟಿ ಮಾಡಿತು. ಆಟ ಬಿಟ್ಟ ಮೇಲೆ ಈಜುಕೊಳ ಮಾರುವ ಉದ್ಯೋಗ ಹಿಡಿದ. ವಿಶ್ವ ಗೆದ್ದ ಹನ್ನೊಂದರಲ್ಲಿ ಒಬ್ಬ. ಜಿರೂಗೆ ಸಿಕ್ಕ ಅಭಿಮಾನಿಗಳು ಇವನಿಗೆ ಸಿಗಲಿಲ್ಲ. ಇಬ್ಬರ ಸೊನ್ನೆಯೂ ಒಂದೇ, ಇಬ್ಬರ ಕಪ್ಪೂ ಒಂದೇ. ಹಾಗಾದರೆ ಹೊಗಳಿಕೆ ಎಂಬುದು ಅದೃಷ್ಟದ ಮಾತೇ? ಸ್ವಲ್ಪ ಮಟ್ಟಿಗೆ ಹೌದೆಂದೇ ತೋರುತ್ತದೆ. ನೋಡುವವರು ಯಾರು ಸಿಕ್ಕರು, ಯಾವ ಕಾಲದಲ್ಲಿ ಸಿಕ್ಕರು ಎಂಬುದು ಆಟಗಾರನ ಕೈಯಲ್ಲಿಲ್ಲ.

ಈಗ ಅಭಿಮಾನಿಗಳ ಮಾತು. ಆರ್ಸೆನಲ್ ಪ್ರೇಕ್ಷಕರಲ್ಲಿ ಬೈಯುವವರು ಇದ್ದಂತೆಯೇ, ಬೀಟಲ್ಸ್ ಎಂಬ ಹಾಡುಗಾರರ ಪ್ರಸಿದ್ಧ ಹಾಡೊಂದರ ಧಾಟಿಗೆ ಇವನ ಹೆಸರು ಜೋಡಿಸಿ ಇಡೀ ಮೈದಾನ ಹಾಡುವವರೂ ಇದ್ದರು. ಆ ಸಂಸ್ಥೆಯಲ್ಲಿ 253 ಪಂದ್ಯಗಳಲ್ಲಿ 105 ಗೋಲು ಹೊಡೆದ. ಸಾಮಾನ್ಯ ಸಂಖ್ಯೆಯಲ್ಲ. 2017ರ ಎಫ್.ಎ. ಕಪ್ಪಿನ ಕೊನೆಯ ಪಂದ್ಯದಲ್ಲಿ ಬದಲಿಯಾಗಿ ಒಳಗೆ ಹೋಗಿ, ಹೋದ ಕೂಡಲೇ ರ‍್ಯಾಮ್ಸಿಗೆ ಚೆಂಡು ಕೊಟ್ಟು ಗೆಲುವಿನ ಗೋಲು ಹೊಡೆಸಿದ. ಮುಂದೆ ಚೆಲ್ಸಿ ಎಂಬ ತಂಡಕ್ಕೆ ಹೋದ. 2019ರ ಯುರೋಪಾ ಲೀಗಿನಲ್ಲಿ 11 ಗೋಲು ಹೊಡೆದು ಮೊದಲಿಗನಾದ. 2020ರ ಡಿಸೆಂಬರಿನಲ್ಲಿ ಸ್ಪೇನಿನ ಸೆವಿಲ್ಲಾ ಮೇಲೆ ತಂಡದ ನಾಲ್ಕಕ್ಕೆ ನಾಲ್ಕೂ ಗೋಲು ಇವನೊಬ್ಬನವೇ. ಅದೇ ಚಾಂಪಿಯನ್ಸ್ ಲೀಗಿನ ಕೊನೆಯ ಪಂದ್ಯದಲ್ಲಿ, 2021ರ ಮೇ ತಿಂಗಳಲ್ಲಿ, ಇವನನ್ನು ಒಂದು ನಿಮಿಷವೂ ಆಡಿಸಲಿಲ್ಲ. ಬೆಂಚಿನ ಮೇಲೆ ಕುಳಿತೇ ಕಪ್ ಗೆದ್ದವರಲ್ಲಿ ಒಬ್ಬನಾದ.

ಇದನ್ನೆಲ್ಲ ಓದಿ ಯಾರಾದರೂ ಜಿರೂ ಆಸೆಯಳಿದ ವಿರಕ್ತನೆಂದು ತಿಳಿದರೆ ತಪ್ಪು. 2021ರ ಜೂನಿನಲ್ಲಿ ಬಲ್ಗೇರಿಯದ ಮೇಲೆ ಎರಡು ಗೋಲು ಹೊಡೆದ ಮೇಲೆ, ತಾನು ಓಡಿದರೂ ಕೆಲವೊಮ್ಮೆ ಚೆಂಡು ತನ್ನ ಕಡೆ ಬರುವುದಿಲ್ಲವೆಂದು ಬಹಿರಂಗವಾಗಿ ಹೇಳಿದ. ಅದು ತನಗೇ ಅಂದದ್ದೆಂದು ಎಂಬಾಪೆಗೆ ಸಿಟ್ಟು ಬಂತು, ತಂಡದಲ್ಲಿ ಸ್ವಲ್ಪ ದಿನ ಕಸಿವಿಸಿ ನಡೆಯಿತು. ಕೆಲವು ಅಭಿಮಾನಿಗಳಿಗೆ ಈ ಪ್ರಸಂಗ ಇಷ್ಟವಿಲ್ಲ. ನನಗೆ ಬಹಳ ಇಷ್ಟ. ಇನ್ನೊಬ್ಬರಿಗಾಗಿ ದುಡಿಯುವವನಿಗೆ ತನ್ನದೆಂಬ ಆಸೆಯೇ ಇರಬಾರದೆಂದು ನಾವು ಬಯಸುವುದು ನಮ್ಮ ಅನುಕೂಲಕ್ಕಾಗಿ. ಆಸೆ ಇದ್ದೂ ಮರುದಿನ ಮತ್ತೆ ಬೆನ್ನು ಕೊಟ್ಟು ನಿಂತನಲ್ಲ, ತೂಕ ಇರುವುದು ಅಲ್ಲಿ. ಆಸೆಯೇ ಇಲ್ಲದವನಿಗೆ ಬಿಟ್ಟುಕೊಡುವುದಕ್ಕೆ ಏನಿರುತ್ತದೆ?

ಹೀಗಾಗಿ ನಾನು ಹಿಂದೆ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಹೊಗಳಿಕೆ ಕೂಲಿಯಲ್ಲ, ಏಕೆಂದರೆ ಕೂಲಿ ಬೇರೆ ಸಂದಿದೆ. ದಾನವೂ ಅಲ್ಲ, ಏಕೆಂದರೆ ದಾನ ಕೊಡುವವನ ಇಚ್ಛೆ. ನನ್ನ ಮಟ್ಟಿಗೆ ಅದು ಸಾಕ್ಷಿ. ಹೊಲದ ಖರೀದಿ ಪತ್ರಕ್ಕೆ ಸಾಕ್ಷಿ ಹಾಕುವವರನ್ನು ತಾವು ಬಲ್ಲಿರಿ. ಅವರಿಗೆ ಆ ಹೊಲದಲ್ಲಿ ಒಂದು ಗುಂಟೆಯೂ ಬರುವುದಿಲ್ಲ, ಕಿಸೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ತಮ್ಮೆದುರು ಇಂಥದು ನಡೆಯಿತು ಎಂದಷ್ಟೇ ಸಹಿ ಮಾಡುತ್ತಾರೆ. ಆದರೆ ಆ ಸಹಿ ಇಲ್ಲದಿದ್ದರೆ ನಾಳೆ ‘ನಡೆದೇ ಇಲ್ಲ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅಭಿಮಾನಿ ಮಾಡುವುದೂ ಇಷ್ಟೇ. ಈ ಮನುಷ್ಯ ಇಂಥ ದಿನ ಹೀಗೆ ನಿಂತಿದ್ದ, ನಾನು ಕಂಡೆ, ಎಂದು ಹೇಳುವುದು. ಗೆಲುವು ಅವನಿಂದಲೇ ಬಂತೋ ಇಲ್ಲವೋ ಎಂಬ ತರ್ಕ ಸಾಕ್ಷಿದಾರನ ಕೆಲಸವಲ್ಲ. ಕಂಡದ್ದನ್ನು ಮರೆಯದೆ ಹೇಳುವುದು ಅವನ ಕೆಲಸ. 2022ರ ಆ ಕೊನೆಯ ಪಂದ್ಯವೂ ಇದನ್ನು ಅಳಿಸಲಾರದು.

ಆದರೆ ಸಾಕ್ಷಿ ಹೇಳಬೇಕಾದರೆ ಮೊದಲು ನೋಡಿರಬೇಕು. ಚೆಂಡಿನ ಹಿಂದೆಯೇ ಕಣ್ಣು ಓಡಿಸುವವನಿಗೆ ಜಿರೂ ಕಾಣುವುದಿಲ್ಲ. ನಮ್ಮ ಟಿ.ವಿ. ಹುಡುಗರು ನೋಡುವುದೂ ಚೆಂಡನ್ನೇ. 2022ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಪುಲ್ಲಾವೂರಿನಲ್ಲಿ ನದಿಯ ನಡುವೆ ಆಟಗಾರರ ಆಳೆತ್ತರಕ್ಕೂ ಮೀರಿದ ಕಟೌಟುಗಳನ್ನು ನಿಲ್ಲಿಸಿದ ಸುದ್ದಿ ದೇಶ-ವಿದೇಶಗಳಲ್ಲಿ ಬಂದಿತ್ತು. ಮೆಸ್ಸಿ, ನೇಮಾರ್, ರೊನಾಲ್ಡೊ. ಅವರಿಗೆ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬೆನ್ನು ತಿರುಗಿಸಿ ನಿಂತವನ ಕಟೌಟು ಚಂದ ಕಾಣುವುದೂ ಇಲ್ಲ.

ಅದೇ 2022ರ ವಿಶ್ವಕಪ್ಪಿಗೆ ಬೆಂಜೆಮಾ ಗಾಯದಿಂದ ಹೊರಗುಳಿದ. ಮೂವತ್ತಾರು ವರ್ಷದ ಜಿರೂ ನಾಲ್ಕು ಗೋಲು ಹೊಡೆದ. ಡಿಸೆಂಬರ್ 4ರಂದು ಪೋಲೆಂಡ್ ಮೇಲೆ ಹೊಡೆದದ್ದು ದೇಶಕ್ಕಾಗಿ ಅವನ 52ನೆಯ ಗೋಲು. ಅದರೊಂದಿಗೆ 51 ಗೋಲುಗಳ ಫ್ರಾನ್ಸಿನ ದಾಖಲೆ ಹಿಂದೆ ಬಿತ್ತು. ಆ ದಾಖಲೆ ಯಾರದೆಂದರೆ ತಿಯರಿ ಆನ್ರಿಯದು. ಆ ಗೋಲಿಗೆ ಚೆಂಡು ಕೊಟ್ಟವನು ಎಂಬಾಪೆ. 2024ರಲ್ಲಿ ದೇಶದ ತಂಡಕ್ಕೆ ವಿದಾಯ ಹೇಳುವಾಗ 137 ಪಂದ್ಯಗಳಲ್ಲಿ 57 ಗೋಲು ಅವನ ಹೆಸರಿನಲ್ಲಿದ್ದವು. ಕೊನೆಗೆ ಗೋಲಿನ ಕಾಲಂನಲ್ಲಿಯೂ ಆತ ಮೇಲೆ ಬಂದದ್ದನ್ನು ಕಂಡು ಅಭಿಮಾನಿಗಳಿಗೆ ಸಂತೋಷವಾಗಿದ್ದು ಸಹಜ. ಆದರೆ ಈ ದಾಖಲೆ ಬಂದಿರದಿದ್ದರೂ 2018ರ ಸಾಕ್ಷಿ ಸಾಕ್ಷಿಯೇ. ‘ನೋಡಿ, ಕೊನೆಗೆ ಗೋಲೂ ಹೊಡೆದ’ ಎಂದು ಅವನನ್ನು ಸಮರ್ಥಿಸುವವರು ತಿಳಿಯದೆ ಎದುರು ಪಕ್ಷದ ತಕ್ಕಡಿಯನ್ನೇ ಒಪ್ಪಿಕೊಂಡ ಹಾಗಾಯಿತು.

ಈಗ ನಮ್ಮ ಮನೆಗಳ ಮಾತು, ಹೆಸರು-ಊರು ಬಿಟ್ಟು. ಇಬ್ಬರು ಅಣ್ಣತಮ್ಮಂದಿರು. ಒಬ್ಬ ಓದಿ ಪೇಟೆಯಲ್ಲಿ ಅಂಗಡಿ ಇಟ್ಟ, ನಾಲ್ಕು ಜನ ಸಾಹುಕಾರರೆಂದು ಕರೆದರು. ಇನ್ನೊಬ್ಬ ಊರಲ್ಲಿ ಉಳಿದು ಹೊಲ, ದನ, ವಯಸ್ಸಾದ ತಂದೆತಾಯಿಗಳನ್ನು ನೋಡಿಕೊಂಡ. ಅಂಗಡಿಗೆ ಮೊದಲ ಬಂಡವಾಳ ಆ ಹೊಲದ ಫಸಲಿನಿಂದ ಹೋದದ್ದು. ಇಪ್ಪತ್ತು ವರ್ಷದ ಮೇಲೆ ವಾಟ್ನಿಗೆ ಕುಳಿತಾಗ ಅಂಗಡಿಯವನ ಹತ್ತಿರ ಕಾಗದವಿದೆ, ರಸೀದಿಯಿದೆ. ಊರಲ್ಲಿದ್ದವನ ಹತ್ತಿರ ಏನೂ ಇಲ್ಲ. ‘ನೀ ಏನು ಗಳಿಸಿದಿ, ತೋರಿಸು’ ಎಂದರೆ ಅವನಿಗೆ ಬಾಯಿ ಬರುವುದಿಲ್ಲ. ಅವನ ಹೆಂಡತಿಯ ಮಾತಂತೂ ದೂರವೇ ಉಳಿಯಿತು. ಅತ್ತೆ-ಮಾವಂದಿರ ಹಾಸಿಗೆ ತೊಳೆದ ವರ್ಷಗಳನ್ನು ಯಾವ ಕೀರ್ದಿಯಲ್ಲಿ ಬರೆಯುತ್ತೀರಿ?

ಇಂಥ ಪಂಚಾಯಿತಿಗಳಲ್ಲಿ ನಾನು ಕಂಡ ಒಂದು ಅಪಾಯವನ್ನು ಹೇಳಲೇಬೇಕು. ಪಾಲು ಕೊಡುವ ಹೊತ್ತು ಬಂದಾಗ ಅಂಗಡಿಯವನು ತಮ್ಮನನ್ನು ಬಾಯ್ತುಂಬ ಹೊಗಳತೊಡಗುತ್ತಾನೆ. ‘ನೀನೇ ನಮ್ಮ ಮನೆಯ ಕಂಬ, ನಿನ್ನಿಂದಲೇ ನಾವೆಲ್ಲ.’ ಕಣ್ಣಲ್ಲಿ ನೀರೂ ಬರುತ್ತದೆ. ಕಂಬಕ್ಕೆ ಎಷ್ಟು ಎಕರೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಹೊಗಳಿಕೆಗೆ ಖರ್ಚಿಲ್ಲದ ಕಾರಣ ಸಲ್ಲಬೇಕಾದ ಪಾಲಿನ ಜಾಗಕ್ಕೆ ಅದನ್ನು ಕೂರಿಸುವುದು ಬಹಳ ಸುಲಭ. ಜಿರೂನ ಸಂಗತಿಯಲ್ಲಿ ಈ ಭಯವಿಲ್ಲ, ಅವನ ಕೂಲಿ ಮೊದಲೇ ಮುಟ್ಟಿತ್ತು, ಅಭಿಮಾನಿಗಳು ಕೊಟ್ಟದ್ದು ಅದರ ಮೇಲಿನದು. ನಮ್ಮ ಮನೆಗಳಲ್ಲಿ ಕೂಲಿಯೂ ಬಾಕಿ, ಸಾಕ್ಷಿಯೂ ಬಾಕಿ. ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಚುಕ್ತಾ ಎಂದು ಬರೆದುಕೊಳ್ಳುವುದನ್ನು ನಾನು ಬಿ.ಕಾಂ.ನಲ್ಲೂ ಕಲಿಯಲಿಲ್ಲ, ಮಠದಲ್ಲೂ ಕಲಿಯಲಿಲ್ಲ.

ಇದಕ್ಕಾಗಿ ಭಕ್ತರಿಗೆ ಒಂದು ಸೂಚನೆ. ವಾಟ್ನಿಗೆ ಕುಳಿತುಕೊಳ್ಳುವ ಎಷ್ಟೋ ವರ್ಷ ಮೊದಲೇ, ಮನಸ್ಸು ಕೆಡದಿರುವಾಗಲೇ, ಹೊಲದವನು ಮಾಡಿದ್ದನ್ನು ಅಂಗಡಿಯವನು ತನ್ನ ಕೈಬರಹದಲ್ಲಿ ಬರೆದಿಡಲಿ. ಯಾವ ವರ್ಷ ಯಾವ ಫಸಲಿನ ಹಣ ಅಂಗಡಿಗೆ ಬಂತು, ತಂದೆಯವರ ಕಾಯಿಲೆಯಲ್ಲಿ ಯಾರು ಎಷ್ಟು ದಿನ ದವಾಖಾನೆಯಲ್ಲಿದ್ದರು. ಫಲ ಕಂಡವನೇ ಬರೆಯಬೇಕು. ದುಡಿದವನು ತನ್ನದನ್ನು ತಾನೇ ಬರೆದುಕೊಂಡರೆ ಅದು ಬಿಲ್ಲಾಗುತ್ತದೆ.

ಜಿರೂ 2021ರಲ್ಲಿ ಇಟಲಿಯ ಎ.ಸಿ. ಮಿಲಾನ್ ಸಂಸ್ಥೆಗೆ ಹೋದ. ಮರುವರ್ಷವೇ ಆ ತಂಡ ಹನ್ನೊಂದು ವರ್ಷಗಳ ನಂತರ ದೇಶದ ಪಟ್ಟ ಗೆದ್ದಿತು, ಕೊನೆಯ ಪಂದ್ಯದ ಮೂರು ಗೋಲುಗಳಲ್ಲಿ ಎರಡು ಇವನವು. ಅಲ್ಲಿನ ಅಭಿಮಾನಿಗಳು ಇವನನ್ನು ಹಚ್ಚಿಕೊಂಡರು. 2023ರ ಅಕ್ಟೋಬರ್ 7ರಂದು ಜಿನೋವಾ ಮೇಲಿನ ಪಂದ್ಯದಲ್ಲಿ ಮಿಲಾನ್ ಒಂದು ಗೋಲು ಮುಂದಿತ್ತು. ಆಟ ಮುಗಿಯುವ ಗಳಿಗೆಯಲ್ಲಿ ಅವರ ಗೋಲ್‌ಕೀಪರನಿಗೆ ಕೆಂಪು ಚೀಟಿ ತೋರಿಸಿ ಹೊರಗೆ ಹಾಕಿದರು. ಬದಲಿ ಆಟಗಾರರನ್ನೆಲ್ಲ ಇಳಿಸಿ ಮುಗಿದಿತ್ತು. ಮೂವತ್ತೇಳು ವರ್ಷದ ಸ್ಟ್ರೈಕರ್ ಕೈಗವಸು ತೊಟ್ಟು ಗೋಲಿನಲ್ಲಿ ನಿಂತ. ಉಳಿದ ಕೆಲವೇ ನಿಮಿಷಗಳಲ್ಲಿ ನುಗ್ಗಿ ಬಂದ ಎದುರಾಳಿಯ ಕಾಲಿಗೆ ಅಡ್ಡಬಿದ್ದು ಚೆಂಡು ಬಿಡಿಸಿದ, ಗೆಲುವು ಉಳಿಯಿತು. ಆ ಮೇಲೆ ಸಂಸ್ಥೆಯವರು ಗೋಲ್‌ಕೀಪರನ ಅಂಗಿಯ ಮೇಲೆ ಜಿರೂ ಎಂದು ಅಚ್ಚು ಹಾಕಿ ಮಾರಾಟಕ್ಕೆ ಇಟ್ಟರು. ಇಟ್ಟಷ್ಟೂ ಖರ್ಚಾದವು.